ಸುಲ್ತಾನನ ಖಾಸಗಿ ವಹಿ, ಗಜೇಂದ್ರಗಡದ ಒಪ್ಪಂದ

ಹುನಗುಂದ, ಇಳಕಲ್ ಕಡೆಯವರಿಗೆ ಗಜೇಂದ್ರಗಡ ದೂರದ ಊರಲ್ಲ. ನೆಂಟರಿದ್ದಾರೆ, ಬಸ್ಸಿದೆ, ಗುಡ್ಡದ ಮೇಲಿನ ಕೋಟೆ ಕಣ್ಣಿಗೆ ಕಾಣುತ್ತೆ. ಆದರೆ 1787ರಲ್ಲಿ ಅಲ್ಲಿ ಮೈಸೂರಿನ ಟಿಪ್ಪು ಸುಲ್ತಾನ, ಪುಣೆಯ ಮರಾಠರು, ಹೈದರಾಬಾದಿನ ನಿಜಾಮ ಈ ಮೂರು ಕಡೆಯವರ ನಡುವಿನ ಯುದ್ಧ ನಿಂತು ಒಂದು ಒಪ್ಪಂದ ಆಯ್ತು ಅನ್ನೋದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಬಾದಾಮಿ ಯಾರದು, ನರಗುಂದ ಯಾರದು, ಕಿತ್ತೂರು ಯಾರದು ಎಂಬ ಪ್ರಶ್ನೆಗಳಿಗೆ ಆ ಕಾಗದ ಉತ್ತರ ಕೊಟ್ಟಿತು. ಈಗಿನ ಮಾತಲ್ಲಿ ಹೇಳೋದಾದರೆ ಅದು ನಮ್ಮ ಮನೆ ಹಿತ್ತಲಲ್ಲೇ ನಡೆದ ರಾಜತಾಂತ್ರಿಕತೆ.

ಈ ಯುದ್ಧದ ಬಗ್ಗೆ ನಮಗೆ ಸಿಗುವ ಆಕರಗಳಲ್ಲಿ ಒಂದು ಬಹಳ ವಿಚಿತ್ರವಾದದ್ದು. ಅದು ದರ್ಬಾರಿನ ದಾಖಲೆ ಅಲ್ಲ, ಪತ್ರ ಅಲ್ಲ, ಲೆಕ್ಕದ ಪುಸ್ತಕವೂ ಅಲ್ಲ. ಟಿಪ್ಪು ತಾನು ಕಂಡ ಕನಸುಗಳನ್ನು ತನ್ನ ಕೈಯಾರೆ ಬರೆದಿಟ್ಟುಕೊಂಡ ಖಾಸಗಿ ವಹಿ. ಗಿರೀಶ ಕಾರ್ನಾಡರ ‘ಟಿಪ್ಪು ಸುಲ್ತಾನ ಕಂಡ ಕನಸು’ ನಾಟಕ ನೋಡಿದವರಿಗೆ ಈ ವಹಿಯ ಸುದ್ದಿ ಗೊತ್ತಿರುತ್ತೆ. ನಾವು ಇಲ್ಲಿ ಕೇಳ್ತಿರೋದು ನಾಟಕದ ಪ್ರಶ್ನೆ ಅಲ್ಲ. ಅಧಿಕಾರದಲ್ಲಿರೋ ಒಬ್ಬ ಮನುಷ್ಯ ತನಗಾಗಿ ಬರೆದುಕೊಂಡದ್ದನ್ನು ಎರಡು ದೇಶಗಳ ನಡುವೆ ಏನು ನಡೆಯಿತು ಅಂತ ತಿಳಿಯೋಕೆ ಬಳಸಬಹುದಾ? ಬಳಸೋದಾದರೆ ಹೇಗೆ?

ನಮ್ಮ ಉತ್ತರ ಮೊದಲೇ ಹೇಳಿಬಿಡ್ತೀವಿ. ಬಳಸಬಹುದು, ಬಳಸಲೇಬೇಕು. ಆದರೆ ಡೈರಿ ಸಾಕ್ಷಿ ಹೇಳೋದು ‘ಏನಾಯ್ತು’ ಅನ್ನೋದಕ್ಕಲ್ಲ, ‘ಬರೆದವನಿಗೆ ಏನು ಅನ್ನಿಸ್ತು’ ಅನ್ನೋದಕ್ಕೆ. ಈ ಎರಡನ್ನೂ ಕಲಸಿದರೆ ಇತಿಹಾಸ ಕೆಡುತ್ತೆ.

ಏನಿದು ವಹಿ?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆಮೇಲೆ ಇಂಗ್ಲಿಷ್ ಅಧಿಕಾರಿಗಳು ಅರಮನೆಯ ಕಾಗದಪತ್ರಗಳನ್ನು ಜಾಲಾಡಿದರು. ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಬರೆಯುವ ಮೇಜಿನ ಪೆಟ್ಟಿಗೆಯಲ್ಲಿ, ಬೇರೆ ಗುಟ್ಟಿನ ಕಾಗದಗಳ ಜೊತೆ, ಈ ಪುಸ್ತಕ ಸಿಕ್ಕಿತು. ಆಗ ಟಿಪ್ಪುವಿನ ನಂಬಿಕೆಯ ಮುನ್ಷಿ ಹಬೀಬುಲ್ಲಾ ಅಲ್ಲೇ ಇದ್ದ. ಇಂಥದ್ದೊಂದು ಪುಸ್ತಕ ಇದೆ ಅಂತ ಅವನಿಗೆ ಗೊತ್ತಿತ್ತಂತೆ, ಆದರೆ ಒಮ್ಮೆಯೂ ನೋಡಿರಲಿಲ್ಲವಂತೆ. ಸುಲ್ತಾನ ಬರೆಯುವಾಗಲೋ ಓದುವಾಗಲೋ ಯಾರಾದರೂ ಹತ್ತಿರ ಬಂದರೆ ಮುಚ್ಚಿಬಿಡ್ತಿದ್ದನಂತೆ. ಪರೀಕ್ಷೆ ಹಾಲಿನಲ್ಲಿ ಪಕ್ಕದವನಿಗೆ ಉತ್ತರ ಕಾಣದ ಹಾಗೆ ಕೈ ಅಡ್ಡ ಇಡ್ತೀವಲ್ಲ, ಹಾಗೆ.

ಭಾಷೆ ಪಾರಸಿ. ಒಟ್ಟು 37 ಕನಸುಗಳು. ಮೊದಲಿನವು 1785ರ ಸುಮಾರಿನವು, ಕೊನೆಯವು ಅವನ ಕೊನೆಯ ವರ್ಷಗಳವು. 1800ರಲ್ಲಿ ಪುಸ್ತಕ ಲಂಡನ್ನಿಗೆ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರ ಕೈ ಸೇರಿತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮಹಮೂದ್ ಹುಸೇನ್ ಎಂಬ ವಿದ್ವಾಂಸರು ಇದನ್ನು ಇಂಗ್ಲಿಷಿಗೆ ತಂದಿದ್ದರಿಂದ ನಮ್ಮಂಥ ಪಾರಸಿ ಬಾರದವರೂ ಓದಬಹುದು.

ಓದೋಕೆ ಹೋದರೆ ಮೊದಲ ತೊಡಕು ತಾರೀಕು. ಟಿಪ್ಪು ತನ್ನದೇ ಪಂಚಾಂಗ ಮಾಡಿಕೊಂಡಿದ್ದ. ತಿಂಗಳ ಹೆಸರು ಬೇರೆ, ವರ್ಷದ ಹೆಸರು ಬೇರೆ. ಅದನ್ನು ನಮ್ಮ ಇಸವಿಗೆ ತಿರುಗಿಸಿಕೊಂಡ ಮೇಲೇ ಯಾವ ಕನಸು ಯಾವ ಯುದ್ಧದ ನಡುವಿನದು ಅಂತ ತಿಳಿಯೋದು. ಲ್ಯಾಬಿನಲ್ಲಿ ಯೂನಿಟ್ ಬದಲಿಸದೆ ಸೂತ್ರಕ್ಕೆ ಹಾಕಿದರೆ ಏನಾಗುತ್ತೋ ಇಲ್ಲೂ ಅದೇ ಆಗುತ್ತೆ.

ಸವಣೂರಿನ ಕನಸು

ಈಗ ನಮ್ಮ ಸೀಮೆಗೆ ಬರೋಣ. 1786ರ ಬೇಸಿಗೆಯಲ್ಲಿ ಮರಾಠ ಮತ್ತು ನಿಜಾಮರ ಕೂಡು ಸೈನ್ಯ ಬಾದಾಮಿ ಕೋಟೆ ಹಿಡಿಯಿತು. ಆಮೇಲೆ ಟಿಪ್ಪು ತುಂಗಭದ್ರೆ ದಾಟಿ ಬಂದ. ಈಗಿನ ಹಾವೇರಿ ಜಿಲ್ಲೆಯ ಸವಣೂರಿನ ಹತ್ತಿರ ಮರಾಠ ಸೇನಾಪತಿ ಹರಿಪಂತ ಫಡಕೆಯ ಪಾಳೆಯದ ಮೇಲೆ ರಾತ್ರಿ ದಾಳಿ ಮಾಡಿದ.

ಆ ದಾಳಿಗೆ ಮುಂಚೆ ಕಂಡ ಕನಸು ವಹಿಯಲ್ಲಿದೆ. ನಮ್ಮ ಮಾತಲ್ಲಿ ಹೇಳ್ತೀವಿ. ಗುರುತಿಲ್ಲದ ಒಬ್ಬ ಚೆಂದದ ಹುಡುಗ ಬಂದು ಪಕ್ಕದಲ್ಲಿ ಕೂಡ್ತಾನೆ. ಟಿಪ್ಪು ಅವನ ಜೊತೆ ತಮಾಷೆ ಮಾಡ್ತಾನೆ, ಹಾಗೇ ‘ನಾನು ಯಾರ ಜೊತೆಗೂ ಹೀಗೆ ಚೇಷ್ಟೆ ಮಾತಾಡೋನಲ್ಲವಲ್ಲ’ ಅಂತ ಅಂದುಕೊಳ್ತಾನೆ. ಹುಡುಗ ಎದ್ದು ನಾಲ್ಕು ಹೆಜ್ಜೆ ಹೋಗಿ, ಮರಳಿ ಬಂದು, ಪೇಟದೊಳಗಿನ ಕೂದಲು ಬಿಚ್ಚುತ್ತಾನೆ. ನೋಡಿದರೆ ಅವಳು ಹೆಂಗಸು. ಎಚ್ಚರ ಆಗುತ್ತೆ. ಮರಾಠರು ಗಂಡಸಿನ ಬಟ್ಟೆ ಹಾಕಿದ್ದಾರೆ, ಕೊನೆಗೆ ಹೆಂಗಸರಾಗ್ತಾರೆ ಅಂತ ಟಿಪ್ಪು ಅರ್ಥ ಹಚ್ಚುತ್ತಾನೆ. ಹಾಗೇ ಮುಂದುವರಿದು, ಇಂಥ ದಿನ ಎರಡು ಮೂರು ನೂರು ಜನರ ಜೊತೆ ತಾನೇ ಪಾಳೆಯದೊಳಗೆ ನುಗ್ಗಿದೆ, ಹರಿಪಂತನ ಡೇರೆವರೆಗೆ ಹೋದೆ, ಎಲ್ಲರೂ ಓಡಿದರು ಅಂತ ಬರೀತಾನೆ. (ಹೆಂಗಸು ಅಂದ್ರೆ ಹೇಡಿ ಅನ್ನೋ ಲೆಕ್ಕವನ್ನು ನಮ್ಮ ಸಂಘದ ಹುಡುಗಿಯರು ಒಪ್ಪಲಿಲ್ಲ. ಕಿತ್ತೂರಿನ ಹೆಸರು ಬಂದಿರೋ ಲೇಖನದಲ್ಲಿ ಇದನ್ನು ಹೇಳದೆ ಬಿಡೋಕೂ ಆಗಲ್ಲ.)

ಸರಿ, ಈ ಪುಟವನ್ನು ಇತಿಹಾಸಕ್ಕೆ ಬಳಸೋದು ಹೇಗೆ? ಮೂರು ಪ್ರಶ್ನೆ ಕೇಳಬೇಕು.

ಒಂದು, ಯಾವಾಗ ಬರೆದದ್ದು? ಕನಸು ದಾಳಿಗೆ ಮುಂಚಿನದು. ಆದರೆ ಅದೇ ಬರಹದಲ್ಲಿ ದಾಳಿಯ ಫಲಿತಾಂಶವೂ ಇದೆ. ಅಂದ್ರೆ ಈ ಪುಟ, ಕಡೇಪಕ್ಷ ಅದರ ಕೊನೆಯ ಭಾಗ, ಗೆದ್ದ ಮೇಲೆ ಬರೆದದ್ದು. ರಿಸಲ್ಟ್ ಬಂದ ಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಅನ್ನೋರು ಪ್ರತಿ ಹಾಸ್ಟೆಲ್‌ನಲ್ಲೂ ಇರ್ತಾರೆ. ಟಿಪ್ಪು ಸುಳ್ಳು ಬರೆದ ಅಂತ ನಾವು ಹೇಳ್ತಿಲ್ಲ. ಗೆಲುವಿನ ಬೆಳಕು ಕನಸಿನ ನೆನಪಿನ ಮೇಲೂ ಬಿದ್ದಿರುತ್ತೆ, ಅಷ್ಟೇ.

ಎರಡು, ಯಾರಿಗಾಗಿ? ವಹಿಯನ್ನು ಮುಚ್ಚಿಟ್ಟಿದ್ದು ನಿಜ. ಆದರೆ ಈ ಕನಸನ್ನು, ಅದರ ಅರ್ಥವನ್ನು ಸುತ್ತಲಿನವರಿಗೆ ಹೇಳಿದೆ ಅಂತ ಅವನೇ ಬರೆದಿದ್ದಾನೆ. ಪುಸ್ತಕ ಗುಟ್ಟಿನದು, ಕನಸು ಗುಟ್ಟಿನದಲ್ಲ. ಕತ್ತಲಲ್ಲಿ ದೊಡ್ಡ ಸೈನ್ಯದ ಮೇಲೆ ನುಗ್ಗಬೇಕಾದ ಜನಕ್ಕೆ ಇಂಥ ಕನಸು ಧೈರ್ಯದ ಮದ್ದು. ಹಾಗಾಗಿ ‘ಖಾಸಗಿ’ ಅನ್ನೋ ಪದವನ್ನು ಕೇಳಿದ ಕೂಡಲೇ ನಂಬಬಾರದು. ಖಾಸಗಿ ಬರಹದೊಳಗೂ ಸಾರ್ವಜನಿಕ ಮಾತು ಕೂತಿರುತ್ತೆ.

ಮೂರು, ಎದುರಿನವರ ಕಾಗದ ಏನು ಹೇಳುತ್ತೆ? ಇಲ್ಲೇ ಗಜೇಂದ್ರಗಡ ಬರೋದು.

ಗೆದ್ದವನು ಯಾಕೆ ಕೊಟ್ಟ?

ಸವಣೂರು ಟಿಪ್ಪುವಿನ ಕೈಗೆ ಬಂತು. 1787ರ ಶುರುವಿನಲ್ಲಿ ಕೊಪ್ಪಳದ ಹತ್ತಿರದ ಬಹಾದ್ದೂರಬಂಡಿ ಕೋಟೆಯನ್ನೂ ಹಿಡಿದ. ವಹಿಯೊಂದನ್ನೇ ಓದಿದವನು ಏನಂದುಕೊಳ್ತಾನೆ? ಮರಾಠರು ಓಡಿಹೋದರು, ಟಿಪ್ಪು ತನಗೆ ಬೇಕಾದ ಷರತ್ತು ಹಾಕಿದ ಅಂತ.

ಆದರೆ ಗಜೇಂದ್ರಗಡದ ಒಪ್ಪಂದ ಬೇರೆ ಕತೆ ಹೇಳುತ್ತೆ. ಬಾದಾಮಿ, ನರಗುಂದ, ಕಿತ್ತೂರು ಮರಾಠರಿಗೆ ಹೋದವು. ಆದವಾನಿ ನಿಜಾಮನಿಗೆ ಮರಳಿತು. ಜೊತೆಗೆ 48 ಲಕ್ಷ ರೂಪಾಯಿ ಕೊಡೋಕೆ ಟಿಪ್ಪು ಒಪ್ಪಿದ. ಯಾರನ್ನು ಹೆಂಗಸರಂತೆ ಓಡಿದರು ಅಂತ ಬರೆದುಕೊಂಡನೋ ಅವರಿಗೇ ಕೆಲವೇ ತಿಂಗಳಲ್ಲಿ ಊರು, ಹಣ ಎರಡನ್ನೂ ಕೊಟ್ಟ.

ಯಾಕೆ? ಇತಿಹಾಸಕಾರರು ಕೊಡುವ ಮುಖ್ಯ ಕಾರಣ ಇಂಗ್ಲಿಷರು. 1786ರ ಸೆಪ್ಟೆಂಬರಿನಲ್ಲಿ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಬಂದಿದ್ದ. ಪುಣೆ ದರ್ಬಾರಿನಲ್ಲಿ ಚಾರ್ಲ್ಸ್ ಮ್ಯಾಲೆಟ್ ಎಂಬ ಇಂಗ್ಲಿಷ್ ರೆಸಿಡೆಂಟ್ ಕೂತಿದ್ದ. ಮರಾಠ, ನಿಜಾಮ, ಇಂಗ್ಲಿಷ್ ಮೂವರೂ ಒಂದಾದರೆ ಮೈಸೂರಿಗೆ ಉಳಿಗಾಲ ಇರಲಿಲ್ಲ. ಹಾಗಾಗಿ ಉತ್ತರದ ಗಡಿಯಲ್ಲಿ ಶಾಂತಿ ಕೊಂಡುಕೊಂಡ. ಈ ಲೆಕ್ಕಾಚಾರ ತಪ್ಪಿರಲಿಲ್ಲ. 1790ರಲ್ಲಿ ಮೂವರೂ ಒಂದಾಗಿ ಬಂದೇ ಬಂದರು, 1792ರಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ.

ಈಗ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಡಿ. ಒಪ್ಪಂದ ಒಂದೇ ಇದ್ದಿದ್ದರೆ ಟಿಪ್ಪು ಹೆದರಿ ಕೊಟ್ಟ ಅಂತ ಬರೆದುಬಿಡ್ತಿದ್ದೆವು. ವಹಿ ಒಂದೇ ಇದ್ದಿದ್ದರೆ ಅವನಿಗೆ ಮರಾಠರು ಲೆಕ್ಕಕ್ಕೇ ಇರಲಿಲ್ಲ ಅಂತ ಬರೆದುಬಿಡ್ತಿದ್ದೆವು. ಎರಡೂ ಇರೋದರಿಂದ, ಮನಸ್ಸಿನಲ್ಲಿ ತಿರಸ್ಕಾರ ಇಟ್ಟುಕೊಂಡೇ ಕೈಯಲ್ಲಿ ಸಹಿ ಹಾಕುವ ಒಬ್ಬ ರಾಜಕಾರಣಿ ಕಾಣಿಸ್ತಾನೆ. ರಾಜತಾಂತ್ರಿಕತೆ ಅಂದ್ರೆ ಹೆಚ್ಚು ಕಡಿಮೆ ಇದೇ ಅಲ್ಲವೇನ್ರಿ? ಒಳಗಿನ ಮಾತಿಗೂ ಹೊರಗಿನ ಮಾತಿಗೂ ಇರುವ ಅಂತರ. ಆ ಅಂತರವನ್ನು ಅಳೆಯೋಕೆ ಎರಡೂ ತುದಿ ಬೇಕು. ಒಳಗಿನ ತುದಿ ಡೈರಿಯಲ್ಲಿ ಸಿಗುತ್ತೆ.

ಮೊದಲ ವರ್ಷದ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದವರಿಗೆ ಝೀರೋ ಎರರ್ ಗೊತ್ತು. ದವಡೆ ಮುಚ್ಚಿದಾಗಲೂ ಸೊನ್ನೆ ತೋರಿಸದ ಕ್ಯಾಲಿಪರ್ಸನ್ನು ಯಾರೂ ಎಸೆಯಲ್ಲ. ಎಷ್ಟು ತಪ್ಪು ತೋರಿಸುತ್ತೆ ಅಂತ ಮೊದಲು ನೋಡಿ, ಆಮೇಲೆ ಪ್ರತಿ ಅಳತೆಯಲ್ಲೂ ಅದನ್ನು ಕಳೀತಾರೆ. ಡೈರಿ ಬರೆದವನ ಅಭಿಮಾನ, ಸಿಟ್ಟು, ಆಸೆ ಎಲ್ಲ ಆ ಝೀರೋ ಎರರ್ ಇದ್ದ ಹಾಗೆ. ವ್ಯತ್ಯಾಸ ಒಂದೇ. ಕ್ಯಾಲಿಪರ್ಸಿನ ತಪ್ಪು ದಿನಾ ಒಂದೇ ಇರುತ್ತೆ, ಮನುಷ್ಯನದು ಗೆದ್ದ ದಿನ ಒಂದು, ಸೋತ ದಿನ ಇನ್ನೊಂದು.

ಬಿಳಿ ಆನೆ, ಹತ್ತು ಸಾವಿರ ಫ್ರೆಂಚರು

ಇನ್ನೊಂದು ಕನಸಿನಲ್ಲಿ ಚೀನಾದ ಚಕ್ರವರ್ತಿಯ ದೂತರು ಟಿಪ್ಪುವಿಗೆ ಬಿಳಿ ಆನೆ, ಕುದುರೆಗಳನ್ನು ಕಾಣಿಕೆ ತರ್ತಾರೆ. ಇಂಥ ಆನೆಯನ್ನು ಅಲೆಗ್ಸಾಂಡರ್ ಬಿಟ್ಟರೆ ಬೇರೆ ಯಾರಿಗೂ ಕಳಿಸಿಲ್ಲ ಅನ್ನೋ ಮಾತೂ ಬರುತ್ತೆ. ಮತ್ತೊಂದರಲ್ಲಿ ಒಬ್ಬ ದೊಡ್ಡ ಫ್ರೆಂಚ್ ಅಧಿಕಾರಿ ಹತ್ತು ಸಾವಿರ ಸೈನಿಕರ ಜೊತೆ ಸಹಾಯಕ್ಕೆ ಬಂದಿದ್ದಾನೆ.

ಎಚ್ಚರದ ಲೋಕದಲ್ಲಿ ಚೀನಾದಿಂದ ಯಾವ ಆನೆಯೂ ಬರಲಿಲ್ಲ. ಫ್ರೆಂಚರ ವಿಷಯ ನೋಡಿ. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಫ್ರಾನ್ಸಿಗೆ ಹೋಗಿ ಹದಿನಾರನೇ ಲೂಯಿಯನ್ನು ಕಂಡರು, ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ. ಹತ್ತು ವರ್ಷದ ಮೇಲೆ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ಟಿಕ್, ಟಿಪ್ಪುವಿಗೆ ನೆರವಾಗಲು ಯಾರಾದರೂ ಹೋಗೋರಿದ್ದರೆ ಬನ್ನಿ ಅಂತ ಬಹಿರಂಗವಾಗಿ ಸಾರಿದ. 1798ರ ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು. ಕನಸಿನಲ್ಲಿ ಹತ್ತು ಸಾವಿರ, ದಡದಲ್ಲಿ ನೂರು!

ಹಾಗಾದರೆ ಆ ಕನಸು ಸುಳ್ಳು ಆಕರವಾ? ಅಲ್ಲ. ಫ್ರೆಂಚರ ಸೈನ್ಯದ ಸಂಖ್ಯೆಗೆ ಅದು ಕೆಲಸಕ್ಕೆ ಬಾರದ ಆಕರ. ಫ್ರೆಂಚರ ಮೇಲೆ ಟಿಪ್ಪುವಿಗಿದ್ದ ಭರವಸೆಗೆ ಅದಕ್ಕಿಂತ ಒಳ್ಳೆಯ ಆಕರ ಇಲ್ಲ. ಪತ್ರದಲ್ಲಿ ಮರ್ಯಾದೆಗೆ ಒಂದು ಮಾತು ಬರೀಬಹುದು, ದರ್ಬಾರಿನಲ್ಲಿ ಇನ್ನೊಂದು ಹೇಳಬಹುದು. ಯಾರಿಗೂ ತೋರಿಸದ ಪುಸ್ತಕದಲ್ಲಿ ಫ್ರೆಂಚ್ ಹಡಗು ಬಂದಿದೆ ಅಂದ್ರೆ ಆ ಆಸೆ ಎಷ್ಟು ಆಳದಲ್ಲಿತ್ತು ಅಂತ ತಿಳಿಯುತ್ತೆ. ಆಕರ ಒಳ್ಳೆಯದಾ ಕೆಟ್ಟದ್ದಾ ಅನ್ನೋದು ನಾವು ಕೇಳುವ ಪ್ರಶ್ನೆಯ ಮೇಲಿದೆ.

ಇದಕ್ಕೆ ಹೋಲಿಕೆಯಾಗಿ ಇನ್ನೊಂದು ದಿನಚರಿ ಇದೆ. 1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಟಿಪ್ಪುವಿನ ದೂತರು ಕಾನ್‌ಸ್ಟಾಂಟಿನೋಪಲ್‌ಗೆ, ಅಂದ್ರೆ ಇವತ್ತಿನ ಇಸ್ತಾಂಬುಲ್‌ಗೆ ಹೊರಟರು. ಅವರ ಜೊತೆಗಿದ್ದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ದಾರಿಯ ಸಂಗತಿಗಳನ್ನು ಬರೆದಿಟ್ಟ. ಅದನ್ನು ಮೊಹಿಬ್ಬುಲ್ ಹಸನ್ 1968ರಲ್ಲಿ ಅಚ್ಚು ಹಾಕಿಸಿದರು. ಅದೂ ದಿನಚರಿಯೇ, ಆದರೆ ಧಣಿ ಓದಲಿ ಅಂತ ಬರೆದದ್ದು. ಯಾವ ಬಂದರು, ಯಾವ ದಿನ, ಯಾರು ಸಿಕ್ಕರು ಅನ್ನೋದಕ್ಕೆ ಅದು ಗಟ್ಟಿ. ಧಣಿಗೆ ಏನು ಹೇಳಿದರೆ ಕಷ್ಟವೋ ಅದು ಅಲ್ಲಿ ಸಿಗೋದು ಕಡಿಮೆ. ಕನಸಿನ ವಹಿ ಇದರ ತಿರುಗುಮುರುಗು.

ಸಿಕ್ಕಿದ್ದು ಯಾರ ಕೈಗೆ?

ಡೈರಿ ತಾನಾಗಿ ನಮ್ಮ ಹತ್ತಿರ ನಡೆದು ಬರಲ್ಲ. ಯಾರೋ ಹುಡುಕಿರ್ತಾರೆ, ಯಾರೋ ಆರಿಸಿರ್ತಾರೆ. ಟಿಪ್ಪುವಿನ ವಹಿ ಸಿಕ್ಕಿದ್ದು ಅವನನ್ನು ಕೊಂದ ಸೈನ್ಯದ ಕೈಗೆ. 1800ರಲ್ಲಿ ಅಲೆಗ್ಸಾಂಡರ್ ಬೀಟ್ಸನ್ ಎಂಬ ಅಧಿಕಾರಿ ಆ ಯುದ್ಧದ ಬಗ್ಗೆ ಪುಸ್ತಕ ಬರೆದು, ಕೊನೆಗೆ ಈ ಕನಸುಗಳಲ್ಲಿ ಆರನ್ನು ಅಚ್ಚು ಹಾಕಿದ. ಯುದ್ಧ, ವೈರಿಗಳ ನಾಶ ಇವೇ ಈ ಸುಲ್ತಾನನ ನಿದ್ದೆಯಲ್ಲೂ ತುಂಬಿದ್ದವು ಅಂತ ತೋರಿಸೋದು ಅವನಿಗೆ ಬೇಕಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಮಾಡಿದ ಯುದ್ಧ ಸರಿ ಅಂತ ಲಂಡನ್ನಿಗೆ ಒಪ್ಪಿಸಬೇಕಿತ್ತಲ್ಲ. 37ರಲ್ಲಿ 6! ಬಹಳ ಕಾಲ ಇಂಗ್ಲಿಷ್ ಓದುಗರಿಗೆ ಸಿಕ್ಕಿದ್ದು ಅಷ್ಟೇ. ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಟಿಪ್ಪುವಿನ ಪತ್ರಗಳೂ ‘ಆಯ್ದ’ ಪತ್ರಗಳೇ.

ಆರೂ ಕನಸು ನಿಜ. ಆಯ್ಕೆಯೇ ಒಂದು ವಾದ. ಇದನ್ನು ನಾವು ಒತ್ತಿ ಹೇಳೋಕೆ ಕಾರಣ ಇದೆ. ಪ್ರತಿ ವರ್ಷ ನವೆಂಬರ್ ಬಂತಂದ್ರೆ ನಮ್ಮ ಫೋನುಗಳಲ್ಲಿ ಟಿಪ್ಪು ಜಗಳ ಶುರು. ಒಂದು ಗ್ರೂಪಿನಲ್ಲಿ ಅವನನ್ನು ದೇವರು ಮಾಡೋ ಒಂದು ಸಾಲು, ಇನ್ನೊಂದು ಗ್ರೂಪಿನಲ್ಲಿ ರಾಕ್ಷಸ ಮಾಡೋ ಒಂದು ಸಾಲು. ಎರಡೂ ಒಂದೇ ವಹಿಯಿಂದ, ಒಂದೇ ಪತ್ರಗಳ ಕಟ್ಟಿನಿಂದ ಕತ್ತರಿಸಿದ್ದು ಇರಬಹುದು. ಬೀಟ್ಸನ್ ಮಾಡಿದ್ದನ್ನೇ ನಾವು ಉಚಿತ ಡೇಟಾ ಹಾಕಿ ಮಾಡ್ತಿದ್ದೀವಿ. ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರೋ ಗೆಳೆಯರ ನಡುವೆ ಮಾತು ನಿಲ್ಲೋ ಮಟ್ಟಕ್ಕೆ ಇದು ಹೋಗುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋದೇ.

ಈಚಿನ ಡೈರಿಗಳು

ಇದು ರಾಜರ ಕಾಲಕ್ಕೆ ಮುಗಿದ ಮಾತಲ್ಲ. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ನಮ್ಮ ರಕ್ಷಣಾ ಸಚಿವರಾಗಿದ್ದವರು ಕೃಷ್ಣಾ ತೀರದವರೇ ಆದ ಯಶವಂತರಾವ್ ಚವ್ಹಾಣ್. ಅವರ ಯುದ್ಧಕಾಲದ ಡೈರಿಯ ಮೇಲೆ, ಅವರ ಕಾರ್ಯದರ್ಶಿಯಾಗಿದ್ದ ಆರ್. ಡಿ. ಪ್ರಧಾನ್ 2007ರಲ್ಲಿ ಪುಸ್ತಕ ತಂದರು. ಅದೇ 2007ರಲ್ಲಿ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಡೈರಿಗಳೂ ಅಚ್ಚಾದವು. ಆದರೆ ಅಯೂಬರ ಡೈರಿ ಶುರುವಾಗೋದೇ 1966ರ ಸೆಪ್ಟೆಂಬರಿನಲ್ಲಿ, ಅಂದ್ರೆ ಯುದ್ಧ ಮುಗಿದು, ತಾಷ್ಕೆಂಟ್ ಒಪ್ಪಂದವೂ ಆದ ಮೇಲೆ. ಒಂದು ಯುದ್ಧದೊಳಗೆ ಕೂತು ಬರೆದದ್ದು, ಇನ್ನೊಂದು ಯುದ್ಧವನ್ನು ಹಿಂತಿರುಗಿ ನೋಡಿ ಬರೆದದ್ದು. ಎರಡಕ್ಕೂ ಒಂದೇ ತೂಕ ಕೊಡೋಕಾಗಲ್ಲ.

ಡೈರಿಯ ನಿಜವಾದ ಬಲ ಗೊತ್ತಾಗೋದು ಎಸ್. ನಿಜಲಿಂಗಪ್ಪನವರ ಉದಾಹರಣೆಯಲ್ಲಿ. ಇದು ವಿದೇಶಾಂಗದ ವಿಷಯ ಅಲ್ಲ, ಪಕ್ಷದೊಳಗಿನ ರಾಜತಾಂತ್ರಿಕತೆ. ಕಾಂಗ್ರೆಸ್ ಒಡೆದದ್ದು 1969ರ ನವೆಂಬರಿನಲ್ಲಿ. ಆಗ ಅವರು ಪಕ್ಷದ ಅಧ್ಯಕ್ಷರು. ಇಂದಿರಾ ಗಾಂಧಿ ಪ್ರಧಾನಿಯಾಗಿ ಮುಂದುವರಿಯಬೇಕೇ ಅನ್ನೋ ಅನುಮಾನವನ್ನು ಅವರು ಅದೇ ವರ್ಷದ ಮಾರ್ಚಿನಲ್ಲೇ ಡೈರಿಯಲ್ಲಿ ಬರೆದಿದ್ದರು. ಜಗಳ ಬೀದಿಗೆ ಬರೋ ತಿಂಗಳುಗಳ ಮುಂಚೆಯೇ ಮನಸ್ಸಿನಲ್ಲಿ ಶುರುವಾಗಿತ್ತು ಅನ್ನೋದಕ್ಕೆ ಪತ್ರಿಕೆಯಲ್ಲಿ ಸಾಕ್ಷಿ ಸಿಗಲ್ಲ, ಡೈರಿಯಲ್ಲಿ ಸಿಗುತ್ತೆ. ಅಂದ ಹಾಗೆ, 1962ರಲ್ಲಿ ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತಾಗ ಕೆಲವು ತಿಂಗಳು ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತವರು ನಮ್ಮ ಹುನಗುಂದದ ಶಾಸಕರು ಎಸ್. ಆರ್. ಕಂಠಿ. ಆಮೇಲೆ ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದು ಬಂದರು. ದೊಡ್ಡ ಇತಿಹಾಸ ನಮ್ಮ ತಾಲೂಕಿನ ಮೂಲಕವೂ ಹಾದು ಹೋಗಿದೆ.

ಇನ್ನೊಂದು ಎಚ್ಚರಿಕೆ. 1983ರಲ್ಲಿ ಜರ್ಮನಿಯ ‘ಸ್ಟರ್ನ್’ ಪತ್ರಿಕೆ ಹಿಟ್ಲರನ ಡೈರಿ ಸಿಕ್ಕಿದೆ ಅಂತ ಪ್ರಕಟಿಸಿತು. ದೊಡ್ಡ ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ ಕೂಡ ಮೊದಲು ನಿಜ ಅಂದಿದ್ದರು. ಲ್ಯಾಬಿನಲ್ಲಿ ನೋಡಿದರೆ ಕಾಗದದಲ್ಲಿದ್ದ ಬಿಳುಪುಕಾರಕ ಯುದ್ಧ ಮುಗಿದ ಮೇಲೆ ಬಳಕೆಗೆ ಬಂದದ್ದು. ಬರೆದವನು ಕೊನ್ರಾಡ್ ಕುಯಾವ್ ಎಂಬ ನಕಲಿಗಾರ. ಪಂಡಿತರಿಗೆ ದಕ್ಕದ್ದು ಕೆಮಿಸ್ಟ್ರಿಗೆ ದಕ್ಕಿತು. ಇತಿಹಾಸದಲ್ಲಿ ಎಂಜಿನಿಯರಿಗೆ ಏನು ಕೆಲಸ ಅನ್ನೋರಿಗೆ ಇದು ಉತ್ತರ.

ಟ್ರಂಕು ತೆಗೀರಿ

ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆ ಮುಳುಗಿದಾಗ ಮನೆಮನೆಯೇ ನವನಗರಕ್ಕೆ ಎದ್ದು ಬಂತು. ಅಂಥ ಹೊತ್ತಲ್ಲಿ ಮೊದಲು ರದ್ದಿಗೆ ಹೋಗೋದು ಹಳೆ ಕಾಗದ. ನಮ್ಮ ಊರುಗಳಲ್ಲಿ ಪಂಚಾಯ್ತಿ, ತಾಲೂಕು ಬೋರ್ಡು, ಸೊಸೈಟಿ, ಚುನಾವಣೆ ಅಂತ ಓಡಾಡಿದ ಅಜ್ಜಂದಿರು ಡೈರಿ ಬರೀತಿದ್ದರು. ನೀರಿನ ಜಗಳ, ಗಡಿ ಜಗಳ, ಯಾರು ಯಾರನ್ನು ಯಾವಾಗ ಭೇಟಿಯಾದರು ಎಲ್ಲ ಅದರಲ್ಲಿರಬಹುದು.

ಅಂಥದ್ದು ನಿಮ್ಮ ಮನೆಯಲ್ಲಿದ್ದರೆ ನಾಲ್ಕು ಕೆಲಸ ಮಾಡಿ. ಮನೆಯವರನ್ನು ಕೇಳಿ, ಪ್ರತಿ ಪುಟದ ಫೋಟೊ ತೆಗೀರಿ, ಖಾಲಿ ಪುಟದ್ದೂ ಸೇರಿಸಿ. ಎಲ್ಲಿ, ಯಾವ ಪೆಟ್ಟಿಗೆಯಲ್ಲಿ, ಯಾವುದರ ಜೊತೆ ಸಿಕ್ಕಿತು ಅಂತ ಬರೆದಿಡಿ. ಲ್ಯಾಮಿನೇಷನ್ ಮಾತ್ರ ಬೇಡ, ಅದರೊಳಗೆ ಹೋದ ಕಾಗದ ಮರಳಿ ಬರಲ್ಲ. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು: ಅಜ್ಜನಿಗೆ ಹೆಸರು ತರೋ ಪುಟ ಇಟ್ಟುಕೊಂಡು ಉಳಿದದ್ದನ್ನು ಹರಿಯಬೇಡಿ. 37 ಪುಟ ಇದ್ದರೆ 37ನ್ನೂ ಇಡಿ.